ಮಕ್ಕಳನ್ನು ಕೇಳಲು ಹೊರಟ ಬಿಸಿಯೂಟದ ವನಜಕ್ಕ

ಘಟ್ಟದ ಬದಿಯಲ್ಲಿ ಈಗಷ್ಟೇ ಬೆಳಕು ಮೂಡುತ್ತಿದೆ. ಹೊಳೆಯ ಮೇಲಿನ ಮಂಜು ಇನ್ನೂ ಎದ್ದಿಲ್ಲ. ಪಡುಹೊಳೆ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಅಂಗಳದಲ್ಲಿ ಹಿಡಿಸೂಡಿಯ ಸದ್ದು ಮಾತ್ರ ಕೇಳುತ್ತಿದೆ. ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡ ಹೆಂಗಸೊಬ್ಬರು ಬಗ್ಗಿ ಮಾವಿನ ಎಲೆಗಳನ್ನು ಗುಡಿಸುತ್ತಿದ್ದಾರೆ. ಅಂಗಳ ಮುಗಿದ ಮೇಲೆ ಬಾವಿಯಿಂದ ನೀರು ಸೇದಿ ಅಡುಗೆ ಕೋಣೆಯ ಪಾತ್ರೆಗಳಿಗೆ ತುಂಬುತ್ತಾರೆ. ಒಲೆ ಹಚ್ಚಿ ಮಕ್ಕಳ ಹಾಲಿಗೆ ನೀರು ಕಾಯಲು ಇಟ್ಟು, ಮೆಟ್ಟಿಲ ಮೇಲೆ ಕೂತು ಸೌತೆಕಾಯಿ ಹೆಚ್ಚಲು ತೊಡಗುತ್ತಾರೆ.

ಇವರು ವನಜ. ಊರಿಗೆಲ್ಲ ವನಜಕ್ಕ. ಕುಂದಾಪುರ ಬದಿಯ ಹಟ್ಟಿಯಂಗಡಿಯಿಂದ ಕೆಳಗೆ, ಹೊಳೆ ಸಮುದ್ರದ ಕಡೆಗೆ ತಿರುಗುವ ಈ ಊರಿನ ಶಾಲೆಯಲ್ಲಿ ಬಿಸಿಯೂಟ ಶುರುವಾದ ವರ್ಷದಿಂದಲೂ ಇವರೇ ಮುಖ್ಯ ಅಡುಗೆಯವರು. ಅಂಗಳ ಗುಡಿಸುವುದು ಅವರ ಕೆಲಸವಲ್ಲ. ಬೆಲ್ ಹೊಡೆಯುವುದೂ ಅಲ್ಲ.

“ಬೆಲ್ ಹೊಡುಕೆ ಜನ ಇಲ್ಲೆ, ಗುಡ್ಸುಕೆ ಜನ ಇಲ್ಲೆ. ಹುದ್ದೆ ಖಾಲಿ ಅಂಬ್ರ್. ಖಾಲಿ ಅಂದ್ಹೇಳಿ ಕಸ ಬೀಳುದ್ ನಿಲ್ತಾ? ಇದ್ದವ್ರೇ ಮಾಡ್ಕ್” ಎಂದು ನಗುತ್ತಾರೆ ವನಜಕ್ಕ. ನಾನು ಪೇಪರಿನವನು ಎಂದು ಗೊತ್ತಾದಾಗ ಅವರು ಮೊದಲು ಕೇಳಿದ್ದು, “ಎಂತ ಬರೂಕೆ ಇತ್ತ್ ಮಾರಾಯ್ರೆ ನನ್ನ ಬಗ್ಗೆ? ಹೆಡ್ ಮಾಷ್ಟ್ರನ್ನ ಮಾತಾಡ್ಸಿ” ಎಂದು.

ಹೆಡ್ ಮಾಷ್ಟ್ರು ಸುಧೀರ್ ಅವರನ್ನು ಮಾತಾಡಿಸಿಯೇ ನಾನು ಇಲ್ಲಿಗೆ ಬಂದದ್ದು. “ಈ ಶಾಲೆ ಇವತ್ತು ಬಾಗಿಲು ತೆರೆದಿದ್ದರೆ ಅದಕ್ಕೆ ವನಜಕ್ಕ ಕಾರಣ. ನಾವೆಲ್ಲ ಆಮೇಲೆ ಸೇರಿಕೊಂಡವರು” ಎಂದು ಅವರೇ ಹೇಳಿದ್ದರು.

ಪಡುಹೊಳೆ ಶಾಲೆಗೆ ನೂರು ವರ್ಷ ದಾಟಿದೆ. ಕೆಂಪು ಕಲ್ಲಿನ ಗೋಡೆ, ಹಂಚಿನ ಮಾಡು, ಉದ್ದಕ್ಕೂ ಚಾವಡಿ. ಸಾಲಿಗ್ರಾಮದ ಬದಿಯಲ್ಲಿ ಇಂಥದ್ದೇ ಒಂದು ಶಾಲೆಯಲ್ಲಿ ಕಲಿತ ನನಗೆ ಇಲ್ಲಿ ಕಾಲಿಟ್ಟ ಕೂಡಲೇ ಒದ್ದೆ ಕೊಡೆಗಳ ವಾಸನೆ ಮೂಗಿಗೆ ಬಂದ ಹಾಗಾಯಿತು. ಮಳೆಗಾಲದಲ್ಲಿ ಚಾವಡಿಯ ತುಂಬ ಬಿಡಿಸಿಟ್ಟ ಕಪ್ಪು ಕೊಡೆಗಳು, ಮಾಡಿನ ಸದ್ದಿಗೆ ಮಾಷ್ಟ್ರ ಪಾಠ ಕೇಳದೆ ಸುಮ್ಮನೆ ಕೂತಿರುತ್ತಿದ್ದ ಮಧ್ಯಾಹ್ನಗಳು, ಒಂದೇ ರಾಗದಲ್ಲಿ ಇಡೀ ತರಗತಿ ಹೇಳುತ್ತಿದ್ದ ಮಗ್ಗಿ. ಈಗ ಇಲ್ಲಿನ ಎಂಟು ಕೋಣೆಗಳಲ್ಲಿ ಮೂರಕ್ಕೆ ಬೀಗವಿದೆ. ಕೆಲವು ವರ್ಷಗಳ ಹಿಂದೆ ಇನ್ನೂ ಹೆಚ್ಚು ಬೀಗಗಳಿದ್ದವು.

ವನಜಕ್ಕ ಕಲಿತದ್ದೂ ಇಲ್ಲೇ. ಆಗ ಮಕ್ಕಳು ಎಷ್ಟೆಂದರೆ ಚಾವಡಿಯಲ್ಲೂ ತರಗತಿ ನಡೆಯುತ್ತಿತ್ತು. ಹೊಳೆಯಾಚೆಯ ಮಕ್ಕಳು ದೋಣಿಯಲ್ಲಿ ಬರುತ್ತಿದ್ದರು. ಗುಲ್ವಾಡಿ ಬದಿಯಿಂದ ನಡೆದು ಬರುವವರೂ ಇದ್ದರು. ಮಧ್ಯಾಹ್ನ ಬಟ್ಟಲು ಹಿಡಿದು ಹಳದಿ ಉಪ್ಪಿಟ್ಟಿಗೆ ಸಾಲು ನಿಲ್ಲುವುದು, ಸಾಲಿನಲ್ಲಿ ಜಗಳ, ಉಪ್ಪಿಟ್ಟು ತಿಂದ ಕೈಯನ್ನು ಹೊಳೆಯಲ್ಲೇ ತೊಳೆಯುವುದು.

“ನಾನ್ ಐದ್ನೇ ಕ್ಲಾಸಿಗೇ ಬಿಟ್ಟೆ” ಎನ್ನುತ್ತಾರೆ. “ಅಪ್ಪ ದೋಣಿಯಂಗೆ ಹೋಪುದ್, ಅಬ್ಬಿ ಮೀನ್ ಹೊರುದ್. ಅಬ್ಬಿಗೆ ಸೊಂಟ ನೋವ್ ಬಂತ್. ಬುಟ್ಟಿ ನನ್ನ ತಲಿ ಮೇಲೆ ಬಂತ್. ಶಾಲಿ ಎದ್ರೇ ಹೋಯ್ಕ್ ಮೀನ್ ಮಾರುಕೆ. ಒಳ್ಗೆ ಮಕ್ಕಳ್ ಮಗ್ಗಿ ಹೇಳುದ್ ಕೇಂತಿತ್ತ್. ನಾನ್ ರಸ್ತೆಯಂಗೆ ಹೇಳ್ತಾ ಹೋಪುದ್. ಹದ್ನಾರರ ಮಗ್ಗಿ ಹಾಂಗೇ ಕಲ್ತದ್ದ್.”

ಮುಂದೆ ಮೀನುಗಾರ ಕೊರಗ ಅವರೊಂದಿಗೆ ಮದುವೆಯಾಯಿತು, ಮಗ ರತನ್ ಹುಟ್ಟಿದ. ಶಾಲೆಯಲ್ಲಿ ಬಿಸಿಯೂಟ ಶುರುವಾಗುತ್ತದೆ, ಅಡುಗೆಗೆ ಜನ ಬೇಕು ಎಂದಾಗ ವನಜಕ್ಕ ಬುಟ್ಟಿ ಕೆಳಗಿಟ್ಟು ಬಂದರು. ಸಂಬಳ ಮೀನಿನ ವ್ಯಾಪಾರಕ್ಕಿಂತ ಕಡಿಮೆ. “ಆದ್ರೂ ಶಾಲಿ ಒಳ್ಗೆ ಬಂದೆ ಅಲ್ದಾ” ಎನ್ನುವುದು ಅವರ ಲೆಕ್ಕಾಚಾರ.

ಶುರುವಿನಲ್ಲಿ ಇಬ್ಬರು ಹೊರುವಷ್ಟು ದೊಡ್ಡ ಹಂಡೆಯಲ್ಲಿ ಅನ್ನವಾಗುತ್ತಿತ್ತು. ಆಮೇಲೆ ಒಂದೊಂದೇ ಮನೆಯ ಮುಂದೆ ಹಳದಿ ವ್ಯಾನು ನಿಲ್ಲತೊಡಗಿತು. ಮುಂಬಯಿಯಲ್ಲಿ ಹೋಟೆಲು ಇದ್ದವರ ಮಕ್ಕಳು ಮೊದಲು ಹೋದರು, ನಂತರ ದೋಣಿಯವರ ಮಕ್ಕಳೂ. ದೊಡ್ಡ ಹಂಡೆ ಅಟ್ಟಕ್ಕೆ ಹೋಯಿತು, ಮಧ್ಯಮದ್ದು ಇಳಿಯಿತು. ಕೊನೆಗೆ ಮನೆಯ ಪಾತ್ರೆಯಷ್ಟರಲ್ಲೇ ಇಡೀ ಶಾಲೆಯ ಅನ್ನ ಬೇಯುತ್ತಿತ್ತು. ಜೊತೆಗಿದ್ದ ಸಹಾಯಕಿಯ ಕೆಲಸವೂ ಹೋಯಿತು. ಶಾಲೆಯಲ್ಲಿ ಉಳಿದದ್ದು ಹನ್ನೊಂದು ಮಕ್ಕಳು, ಒಬ್ಬರು ಮಾಷ್ಟ್ರು, ಒಬ್ಬರು ಅಡುಗೆಯವರು.

ಮೂರು ವರ್ಷಗಳ ಹಿಂದೆ, ಬೇಸಿಗೆ ರಜೆಗೆ ಸ್ವಲ್ಪ ಮುಂಚೆ ಇಲಾಖೆಯವರು ಬಂದರು. ಒರಟಾಗಿ ಏನೂ ಮಾತಾಡಲಿಲ್ಲ. ಜೂನ್‌ನಲ್ಲಿ ದಾಖಲಾತಿ ಹೆಚ್ಚದಿದ್ದರೆ ಹೆದ್ದಾರಿಯಾಚೆಯ ಶಾಲೆಯೊಂದಿಗೆ ವಿಲೀನ ಮಾಡಬೇಕಾಗುತ್ತದೆ ಎಂದು ಹೇಳಿ ಹೋದರು. ಸುಧೀರ್ ಮಾಷ್ಟ್ರು ಅಡುಗೆ ಕೋಣೆಯ ಬಾಗಿಲಿಗೆ ಬಂದು ನಿಂತರು.

“ವನಜಕ್ಕ, ಈ ವರ್ಷ ಕಡೇದು ಅಂತ ಕಾಣುತ್ತೆ.”

“ಮಕ್ಕಳ್ ಎಲ್ಲಿಗ್ ಹೋಪುದ್ ಮಾಷ್ಟ್ರೆ?”

“ಹೆದ್ದಾರಿ ದಾಟಿ ಹೋಗಬೇಕು.”

“ಆ ಲಾರಿ ಓಡು ರಸ್ತೆ ದಾಟಿ, ಒಂದ್ನೇ ಕ್ಲಾಸಿನ ಮಕ್ಕಳಾ?”

ಆ ದಿನ ಮಕ್ಕಳ ಊಟವಾದ ಮೇಲೆ ವನಜಕ್ಕ ಪಾತ್ರೆ ತೊಳೆದಿಟ್ಟು, ಮುಖ ತೊಳೆದು, ಸೀದಾ ಊರಿನ ಮನೆಗಳ ಕಡೆಗೆ ಹೊರಟರು. ಯಾರೂ ಅವರಿಗೆ ಹೋಗಿ ಎಂದು ಹೇಳಿರಲಿಲ್ಲ. ಮೀನು ಹೊತ್ತ ಕಾಲದಿಂದ ಪ್ರತಿ ಮನೆಯ ಹಿತ್ತಿಲ ಬಾಗಿಲೂ ಅವರಿಗೆ ಗೊತ್ತು. ಆ ಬಾಗಿಲುಗಳಿಗೇ ಮತ್ತೆ ಹೋದರು. ಈ ಸಲ ಮಾರುವುದಕ್ಕೆ ಏನೂ ಇರಲಿಲ್ಲ, ಮಕ್ಕಳನ್ನು ಕೇಳುವುದಿತ್ತು.

ಎಲ್ಲರೂ ಕೂರಿಸಿ ಚಾ ಕೊಟ್ಟರು. ಮಕ್ಕಳನ್ನು ಕೊಡಲಿಲ್ಲ. “ಕಾಂಬ” ಎಂದರು, ನೋಡೋಣ ಎಂಬ ಅರ್ಥದಲ್ಲಿ. ವ್ಯಾನಿನ ಫೀಸು ಆಗಲೇ ಕಟ್ಟಿಯಾಗಿದೆ ಎಂದರು. ಒಬ್ಬರು ನೇರವಾಗಿ ಕೇಳಿದರು: “ಶಾಲಿ ಮುಚ್ಚಿರೆ ನಿಂಗೆ ಕೆಲ್ಸ ಹೋತ್ತ್ ಅಂದ್ಹೇಳಿ ಬಂದದ್ದಾ?”

“ಹೌದ್, ಅದೂ ಇತ್ತ್ ಅಂದೆ” ಎನ್ನುತ್ತಾರೆ ವನಜಕ್ಕ. “ಸುಳ್ಳ್ ಹೇಳುದ್ ಎಂತಕ್ಕೆ? ನಂಗೆ ಕೆಲ್ಸ ಬೇಕ್. ಆದ್ರೆ ಕೆಲ್ಸ ಒಂದೇ ಆಗಿದ್ರೆ ನಾನ್ ಮತ್ತೆ ಬುಟ್ಟಿ ಹೊತ್ಕಂತಿದ್ದೆ.”

ದೊಡ್ಡ ಪೆಟ್ಟು ಬಿದ್ದದ್ದು ಉಮಾವತಿ ಶೆಡ್ತಿಯವರ ಮನೆಯಲ್ಲಿ. ಪಡುಹೊಳೆಯ ಹಳೆಯ ಗದ್ದೆಮನೆ ಅದು. ಉಮಾವತಿಯವರ ತಮ್ಮ ಭೋಜರಾಜ ಶೆಟ್ರಿಗೆ ಮುಂಬಯಿಯಲ್ಲಿ ಹೋಟೆಲುಗಳಿವೆ. ಉಮಾವತಿಯವರ ಮಗ ಅಜಿತ್ ಅಲ್ಲೇ ಇದ್ದವರು, ಕೊರೊನಾ ಕಾಲದಲ್ಲಿ ಹೆಂಡತಿ ಅಕ್ಷಯಾ ಮತ್ತು ಮಗ ಕೀರ್ತನ್ ಜೊತೆ ಊರಿಗೆ ಬಂದು ಕುಂದಾಪುರದಲ್ಲಿ ಅಂಗಡಿ ಇಟ್ಟಿದ್ದಾರೆ. ಕೀರ್ತನ್‌ಗೆ ಆಗ ಶಾಲೆಗೆ ಸೇರಿಸುವ ವಯಸ್ಸು.

“ಎಂತ ವನಜ, ಈ ಬದಿಗೆ ಬಪ್ಪುದೇ ಬಿಟ್ಯಲ್ಲ?” ಎಂದು ಉಮಾವತಿ ಪ್ರೀತಿಯಿಂದಲೇ ಕರೆದರು. ವನಜಕ್ಕ ಬಂದ ಕಾರಣ ಹೇಳಿದರು. “ಕೀರ್ತನನ್ನ ನಮ್ಮ ಶಾಲಿಗೆ ಕಳ್ಸಿ ಅಮ್ಮ. ನೀವ್ ಕಳ್ಸಿರೆ ಉಳ್ದವ್ರೂ ಕಳ್ಸ್ತ್ರ್.”

ಉಮಾವತಿ ಕೇಳಿದರು: “ಅಲ್ಲ ವನಜ, ನಿನ್ನ ಮೊಮ್ಮಗ್ಳ್ ಯಾವ ಶಾಲಿಗೆ ಹೋಪುದ್?”

ರತನ್‌ನ ಮಗಳು ಧನ್ಯಶ್ರೀ ದಿನಾ ಬೆಳಿಗ್ಗೆ ಹಳದಿ ವ್ಯಾನು ಹತ್ತಿಯೇ ಹೋಗುತ್ತಿದ್ದಳು. ಇಂಗ್ಲಿಷ್ ಮೀಡಿಯಂ.

“ತಲಿ ತಗ್ಗ್‌ಸಿ ಬಂದೆ. ಸಿಟ್ಟ್ ಬಂದದ್ದ್ ನನ್ನ ಮೇಲೇ” ಎಂದು ಈಗ ಹೇಳುತ್ತಾರೆ. ಮನೆಗೆ ಬಂದವರೇ ಸೊಸೆ ಪ್ರಣೀತಾಳನ್ನು ಕೇಳಿದರು, ಮಗುವನ್ನು ನಮ್ಮ ಶಾಲೆಗೆ ಹಾಕಬಾರದಾ ಎಂದು. ಮಗ ದೋಣಿಯಲ್ಲಿದ್ದ. ಗಂಡ ಕೊರಗಣ್ಣ ಜಗಲಿಯಲ್ಲಿ ಬಲೆ ಸರಿಮಾಡುತ್ತಿದ್ದರು. ಪ್ರಣೀತಾ ಎದುರು ಮಾತಾಡುವ ಹುಡುಗಿಯಲ್ಲ. ಅವತ್ತು ಮಾತಾಡಿದಳು.

“ಅತ್ತೆ, ನಾನೂ ಸರ್ಕಾರಿ ಶಾಲಿಯಂಗೇ ಕಲ್ತದ್ದ್. ಪಿಯುಸಿಯಂಗೆ ಫಸ್ಟ್ ಕ್ಲಾಸ್. ಉಡುಪಿಗೆ ಕೆಲ್ಸ ಕೇಂಬುಕೆ ಹೋದಾಗ ಇಂಗ್ಲಿಷಂಗೆ ಹೆಸ್ರ್ ಕೇಂಡ್ರ್, ಹೇಳ್ದೆ. ಮತ್ತೆ ಎಂತೋ ಕೇಂಡ್ರ್. ನಂಗೆ ಒಂದ್ ಶಬ್ದ ಬಾಯಿಂದ ಬರ್ಲಿಲ್ಲೆ. ಪಕ್ಕದಂಗೆ ಕೂತ ಹೆಣ್ಣ್ ನನ್ನನ್ನೇ ಕಾಂತಿತ್ತ್. ನನ್ನ ಮಗಳಿಗೂ ಹಾಂಗೇ ಆಯ್ಕಾ?”

ವನಜಕ್ಕ ಗಂಡನ ಮುಖ ನೋಡಿದರು. ಕೊರಗಣ್ಣ ಬಲೆಯಿಂದ ತಲೆ ಎತ್ತದೆ, “ಅವ್ಳ್ ಹೇಳುದ್ರಂಗೆ ತಪ್ಪೆಂತ ಇಲ್ಲೆ” ಎಂದರು.

ಕೆಲವು ದಿನ ವನಜಕ್ಕ ಎಲ್ಲಿಗೂ ಹೋಗಲಿಲ್ಲ. ಶಾಲೆಗೆ ಬರುವುದು, ಬೇಯಿಸುವುದು, ಬಡಿಸುವುದು, ಮನೆಗೆ ಹೋಗುವುದು. ಸೊಸೆಯ ಮಾತು ಮಾತ್ರ ತಲೆಯಿಂದ ಹೋಗಲಿಲ್ಲ.

ಏಪ್ರಿಲ್‌ನಲ್ಲಿ ಶಾಲಾಭಿವೃದ್ಧಿ ಸಮಿತಿಯ ಸಭೆ ಕೂಡಿತು. ಪೋಷಕರೇ ಇರುವ ಸಮಿತಿ ಅದು. ಆಗ ರಿಕ್ಷಾ ಓಡಿಸುವ ಪ್ರವೀಣ್ ಅಧ್ಯಕ್ಷರು. ಎಲ್ಲರೂ ಇಲಾಖೆಯನ್ನು ಬೈದರು, ಖಾಸಗಿ ಶಾಲೆಗಳನ್ನು ಬೈದರು, ಮಕ್ಕಳನ್ನು ಕಳಿಸದ ಊರವರನ್ನು ಬೈದರು. ಚಾ ಕೊಡಲು ಒಳಗೆ ಬಂದ ವನಜಕ್ಕ ಅಲ್ಲೇ ನಿಂತರು.

“ಬೈದ್ರೆ ಮಕ್ಕಳ್ ಬತ್ತ್ರಾ? ಜನ ಇಂಗ್ಲಿಷ್ ಕೇಂತಿದ್ರ್. ನನ್ನ ಸೊಸೆಯೂ ಅದನ್ನೇ ಕೇಂಬುದ್. ಅದನ್ನ್ ಕೊಡ್ದೆ ಸುಮ್ನೆ ಶಾಲಿ ಉಳ್ಸಿ ಅಂದ್ರೆ ಯಾರ್ ಕಳ್ಸ್ತ್ರ್?”

ಸುಧೀರ್ ಮಾಷ್ಟ್ರು ಹೇಳಿದರು, ಸಮಿತಿಯೇ ದಾನಿಗಳ ನೆರವಿನಿಂದ ಎಲ್‌ಕೆಜಿ ಶುರು ಮಾಡಬಹುದು, ಬೇರೆ ಕಡೆ ಮಾಡಿದ್ದಾರೆ, ಮೊದಲ ದಿನದಿಂದ ಇಂಗ್ಲಿಷ್ ಮಾತಾಡಿಸಬಹುದು. ಆದರೆ ಕಲಿಸುವವರು ಯಾರು? ಇಲಾಖೆಯಿಂದ ಹುದ್ದೆ ಸಿಗುವುದಿಲ್ಲ. ಹಳ್ಳಿಗೆ ಬಂದು ಕಲಿಸುವವರನ್ನು ಎಲ್ಲಿಂದ ತರುವುದು?

ವನಜಕ್ಕ ಮತ್ತೆ ಶೆಟ್ರ ಗದ್ದೆಮನೆಗೆ ಹೊರಟರು.

“ಕೀರ್ತನನ್ನ ಕೇಂಬುಕೆ ಬಂದದ್ದಲ್ಲ ಅಮ್ಮ. ನನ್ನ ಮನಿ ಮಗೂನ ತರೂಕೆ ನನ್ನತ್ರ ಆಯ್ಲಿಲ್ಲೆ. ನಿಮ್ಮನ್ನ ಯಾವ ಬಾಯಂಗೆ ಕೇಂಬುದ್? ಸೊಸೆನ ಕಳ್ಸಿ. ಅಕ್ಷಯಮ್ಮ ಟೀಚರ್ ಕಲ್ತವ್ರ್ ಅಲ್ದಾ.”

ಅಕ್ಷಯಾ ಮುಂಬಯಿಯಲ್ಲೇ ಹುಟ್ಟಿ ಬೆಳೆದವರು, ಬಿ.ಎಡ್. ಮಾಡಿ ಅಲ್ಲಿ ಸ್ವಲ್ಪ ಕಾಲ ಕಲಿಸಿದವರು. ಇಲ್ಲಿಗೆ ಬಂದ ಮೇಲೆ ಮನೆಯಲ್ಲೇ ಇದ್ದರು. ಉಮಾವತಿಯವರ ಮುಖ ಬಿಗಿಯಿತು. “ನಮ್ಮನಿ ಸೊಸೆ ಊರ್ ಮಕ್ಕಳ ಮೂಗ್ ಒರ್ಸುಕೆ ಹೋಯ್ಕಾ? ಅದೂ ಇವತ್ತೋ ನಾಳೆಯೋ ಬೀಗ ಬೀಳು ಶಾಲಿಗೆ?”

ಆಗ ವನಜಕ್ಕನ ಬಾಯಿಂದ ಎಷ್ಟೋ ವರ್ಷಗಳಿಂದ ಆಡದ ಹೆಸರು ಬಂತು.

“ಉಮಾ, ಆ ಶಾಲಿಯಂಗೆ ನಾನೂ ನೀನೂ ಒಂದೇ ಮಣೆ ಮೇಲೆ ಕೂಕಂಡದ್ದ್. ಅಲ್ಲಿಗೆ ಬೀಗ ಹಾಕುಕೆ ಬಂದ್ರೆ ಇಬ್ರೂ ಕಾಂತಾ ಕೂಕಂಬುದಾ?”

ಹೇಳಿದ ಕೂಡಲೇ ವನಜಕ್ಕ ಹೆದರಿದರು. ಬುಟ್ಟಿ ಹೊತ್ತು ಈ ಮನೆಯ ಹಿತ್ತಿಲಿಗೆ ಬರತೊಡಗಿ, ಮದುವೆಯಾಗಿ, ಮಗನಾದ ಮೇಲೆ ಉಮಾವತಿ ಅವರಿಗೆ ‘ಅಮ್ಮ’ ಆಗಿದ್ದರು. ಉಮಾವತಿ ಒಳಗೆ ಹೋದರು. ಎದ್ದು ಹೋಗುವುದೋ ಕೂರುವುದೋ ತಿಳಿಯದೆ ವನಜಕ್ಕ ಮೆಟ್ಟಿಲಲ್ಲೇ ಉಳಿದರು. ಸ್ವಲ್ಪ ಹೊತ್ತಿನ ಮೇಲೆ ಉಮಾವತಿ ಎರಡು ಲೋಟ ಚಾ ಹಿಡಿದು ಬಂದು ಅದೇ ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂತರು.

“ನನ್ನ ಸ್ಲೇಟ್ ಒರ್ಸುಕೆ ನೀರ್‌ಕಡ್ಡಿ ತಂದ್ ಕೊಡ್ತಿದ್ದೆ ನೀನ್” ಎಂದರು. “ಗದ್ದೆ ಅಂಚಿಂದ. ನಂಗೆ ಕೆಸ್ರಂಗೆ ಇಳೂಕೆ ಬಿಡ್ತಿರ್ಲಿಲ್ಲೆ ಮನಿಯಂಗೆ.”

“ನೀನ್ ಬೆಲ್ಲ ಕೊಡ್ತಿದ್ಯಲೆ.”

“ಬೆಲ್ಲ ಕದ್ದದ್ದ್ ಅಬ್ಬಿಗೆ ಗೊತ್ತಾಯಿ ಪೆಟ್ಟ್ ಬಿದ್ದಿತ್ತ್, ಗೊತ್ತಿತ್ತಾ ನಿಂಗೆ?”

ಆ ಸಂಜೆ ಇಬ್ಬರೂ ಶಾಲೆಯನ್ನು ಉಳಿಸುವ ಮಾತೇ ಆಡಲಿಲ್ಲ. ಮಳೆಗೆ ಹೊಳೆ ತುಂಬಿ ದೋಣಿ ಬಾರದ ದಿನ ಅರ್ಧ ಶಾಲೆ ಖಾಲಿ ಇರುತ್ತಿದ್ದದ್ದು, ಆಗಸ್ಟ್ ಹದಿನೈದಕ್ಕೆ ಸಿಗುತ್ತಿದ್ದ ಮಿಠಾಯಿ, ಬೆತ್ತ ಹಿಡಿದ ಮಾಷ್ಟ್ರು ಯಕ್ಷಗಾನದ ಪದ ಹೇಳಿ ಇತಿಹಾಸ ಕಲಿಸುತ್ತಿದ್ದದ್ದು, ವನಜ ಶಾಲೆ ಬಿಟ್ಟ ಮರುದಿನ ಉಮಾ ಮಣೆಯ ಮೇಲೆ ಜಾಗ ಬಿಟ್ಟೇ ಕೂತದ್ದು. ಆ ಕೊನೆಯ ಸಂಗತಿ ವನಜಕ್ಕನಿಗೆ ಗೊತ್ತಾದದ್ದು ಅವತ್ತೇ.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅಕ್ಷಯಾ ನಡುವೆ ಮಾತಾಡಿದರು. “ಅತ್ತೆ, ನಾನು ಹೋತೆ. ಮನೆಯಲ್ಲಿ ಕೂತು ನಂಗೂ ಸಾಕಾಗಿದೆ.”

ಉಮಾವತಿ ತಿರುಗಿ ನೋಡಿ, “ಹೋಪುದಾರೆ ಮಗೂನೂ ಕರ್ಕಂಡ್ ಹೋಗ್. ನೀನ್ ಅಲ್ಲಿ ಕಲ್ಸುದ್, ಅವ್ನ್ ವ್ಯಾನಂಗೆ ಹೋಪುದ್ ಅಂದ್ರೆ ಜನ ನಗಾಡ್ತ್ರ್” ಎಂದರು.

ಮುಂದಿನದ್ದು ಬೇಗ ನಡೆಯಿತು. ಆ ಶಾಲೆಯಲ್ಲೇ ಓದಿದ್ದ ಭೋಜರಾಜ ಶೆಟ್ರು ಅಕ್ಕನ ಫೋನು ಬಂದ ಮೇಲೆ ಒಂದು ಕೋಣೆಯ ಮಾಡು ರಿಪೇರಿ ಮಾಡಿಸಿದರು, ಅಕ್ಷಯಾ ಟೀಚರಿಗೆ ಗೌರವಧನದ ಹೊಣೆ ಹೊತ್ತರು. ಪ್ರವೀಣ್ ತಮ್ಮ ರಿಕ್ಷಾದಲ್ಲಿ ಮಕ್ಕಳನ್ನು ಕರೆತರುವುದಾಗಿ ಹೇಳಿದರು. ಜೂನ್‌ನಲ್ಲಿ ಬೀಗ ತೆಗೆದ ಕೋಣೆಯಲ್ಲಿ ಕೀರ್ತನ್ ಮತ್ತು ಬೆರಳೆಣಿಕೆಯ ಮಕ್ಕಳು ಕೂತರು. ಶೆಟ್ರ ಮನೆಯ ಮಗು ಅಲ್ಲಿಗೆ ಹೋಗುತ್ತದೆ ಎಂದು ತಿಳಿದ ಮೇಲೆ ‘ಕಾಂಬ’ ಎಂದಿದ್ದ ಮನೆಗಳಿಂದಲೂ ಮಕ್ಕಳು ಬಂದರು. ಮಳೆಗಾಲದ ನಡುವೆ ಇಲಾಖೆಯವರು ಮತ್ತೆ ಬಂದು ಹಿಂದಿನ ಬೆಂಚಿನಲ್ಲಿ ಕೂತು ಪಾಠ ಕೇಳಿದರು. ವನಜಕ್ಕನ ಸಾರು ಉಂಡರು. ವಿಲೀನದ ಮಾತು ಸದ್ಯಕ್ಕೆ ಇಲ್ಲ ಎಂದು ಹೇಳಿ ಹೋದರು.

ಧನ್ಯಶ್ರೀ ಮಾತ್ರ ವ್ಯಾನಿನಲ್ಲೇ ಹೋಗುತ್ತಿದ್ದಳು. ವನಜಕ್ಕ ಮತ್ತೆ ಆ ಮಾತು ಎತ್ತಲಿಲ್ಲ. “ಅವ್ಳ್ ತಾಯಿ. ಅವ್ಳಿಗೆ ಬಿಟ್ಟದ್ದ್.”

ಒಂದು ಶನಿವಾರ ಅತ್ತೆ ಮರೆತು ಜೊತೆಗೇ ಒಯ್ದ ಮನೆಯ ಕೀಲಿಕೈ ಕೇಳಲು ಪ್ರಣೀತಾ ಶಾಲೆಗೆ ಬಂದಳು. ಎಲ್‌ಕೆಜಿ ಕೋಣೆಯ ಕಿಟಕಿಯ ಹೊರಗೆ ನಿಂತುಬಿಟ್ಟಳು. ಒಳಗೆ ಮೀನುಗಾರರ ಕೇರಿಯ ಪುಟ್ಟ ಹೆಣ್ಣುಮಗುವೊಂದು ಅಕ್ಷಯಾ ಟೀಚರ ಜೊತೆ ಇಂಗ್ಲಿಷ್‌ನಲ್ಲಿ ಜಗಳವಾಡುತ್ತಿತ್ತು, ತನಗೆ ಕೆಂಪು ಬಣ್ಣದ ಪೆನ್ಸಿಲೇ ಬೇಕೆಂದು. ತಪ್ಪು ತಪ್ಪಾಗಿ, ಆದರೆ ಹೆದರದೆ. ಪಾಠ ಮುಗಿದ ಮೇಲೆ ಪ್ರಣೀತಾ ಟೀಚರ ಹತ್ತಿರ ಹೋಗಿ ಕೇಳಿದ್ದು ಮಗಳ ವಿಷಯವಲ್ಲ.

“ಟೀಚರ್, ದೊಡ್ಡವ್ರಿಗೂ ಹೀಂಗೆ ಕಲ್ಸುಕೆ ಆತ್ತಾ?”

ಹಾಗೆ ಶುರುವಾದದ್ದು ಶನಿವಾರ ಮಧ್ಯಾಹ್ನದ ತಾಯಂದಿರ ತರಗತಿ. ಮೊದಲ ವಾರ ಪ್ರಣೀತಾ ಒಬ್ಬಳೇ, ಆಮೇಲೆ ಕೇರಿಯ ಇತರ ಹೆಂಗಸರೂ ಬಂದರು. ಮರುವರ್ಷ ಜೂನ್‌ನಲ್ಲಿ ಪ್ರಣೀತಾ ತಾನಾಗಿಯೇ ಧನ್ಯಶ್ರೀಯ ಕೈ ಹಿಡಿದು ಪಡುಹೊಳೆ ಶಾಲೆಗೆ ಕರೆತಂದಳು. ಅಡುಗೆ ಕೋಣೆಯಲ್ಲಿದ್ದ ವನಜಕ್ಕನಿಗೆ ಮೊದಲೇ ಹೇಳಿರಲಿಲ್ಲ. “ಸೌಟ್ ಕೈಯಂಗೇ ಇತ್ತ್. ಹೊರ್ಗೆ ಬಂದ್ ಕಂಡ್ರೆ ನಮ್ಮ ಮಗು ಸಾಲಂಗೆ ನಿಂತಿತ್ತ್” ಎನ್ನುವಾಗ ಅವರ ಕಣ್ಣು ಈಗಲೂ ತುಂಬುತ್ತದೆ.

ಈಗ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷೆ ಪ್ರಣೀತಾ. ಕುಂದಾಪುರದ ಶಿಕ್ಷಣ ಇಲಾಖೆಯ ಕಚೇರಿಗೆ ಮತ್ತೆ ಮತ್ತೆ ಹೋಗಿ ಒಬ್ಬರು ಅತಿಥಿ ಶಿಕ್ಷಕಿಯನ್ನು ಮಂಜೂರು ಮಾಡಿಸಿಕೊಂಡು ಬಂದವಳು ಆಕೆಯೇ. “ಮನಿಯಂಗೆ ಸೊಸೆ, ಶಾಲಿಯಂಗೆ ಅಧ್ಯಕ್ಷೆ. ಸಾರಿಗೆ ಉಪ್ಪ್ ಹೆಚ್ಚಾರೆ ಎರಡ್ ಕಡೆಯೂ ಬೈಗುಳ” ಎಂದು ವನಜಕ್ಕ ದೂರುವಾಗ ಪಕ್ಕದಲ್ಲಿದ್ದ ಪ್ರಣೀತಾ ನಗುತ್ತಾಳೆ.

ಎಲ್ಲ ಸರಿಹೋಯಿತು ಎಂದು ಬರೆದರೆ ತಪ್ಪಾಗುತ್ತದೆ. ಮಕ್ಕಳ ಸಂಖ್ಯೆ ನಲವತ್ತು ದಾಟಿದೆ, ಆದರೆ ಕಾಯಂ ಮಾಷ್ಟ್ರು ಈಗಲೂ ಒಬ್ಬರೇ. ಸುಧೀರ್ ಅವರಿಗೂ ನಿವೃತ್ತಿ ಹತ್ತಿರವಾಗಿದೆ. ಅನುದಾನ ಯಾವಾಗ ಬರುತ್ತದೋ ಬಂದಾಗಲೇ ಗೊತ್ತು. ದಾನಿಗಳ ಕೈ ಎಷ್ಟು ವರ್ಷ ನೀಡಿಯೇ ಇದ್ದೀತು ಎಂಬ ಚಿಂತೆ ಪ್ರಣೀತಾಳಿಗಿದೆ. ಪ್ರತಿ ಜೂನ್ ಈ ಶಾಲೆಗೆ ಒಂದು ಪರೀಕ್ಷೆ.

ಬರುವ ಮಾರ್ಚ್‌ನಲ್ಲಿ ವನಜಕ್ಕನಿಗೆ ಅರವತ್ತು ತುಂಬುತ್ತದೆ. ಬಿಸಿಯೂಟದ ಅಡುಗೆಯವರು ಆ ವಯಸ್ಸಿಗೆ ಕೆಲಸ ಬಿಡಬೇಕೆಂಬುದು ನಿಯಮ. ಬೇಸರವಿಲ್ಲವೇ ಎಂದು ಕೇಳಿದೆ. ಸುಳ್ಳು ಹೇಳುವ ಅಭ್ಯಾಸ ಅವರಿಗಿಲ್ಲ. “ಬೇಜಾರ್ ಇತ್ತ್. ಮೊದ್ಲ್ ಅರ್ಧಂಗೆ ಬಿಟ್ಟ್ ಹೋದದ್ದ್ ನಾನೇ. ಈಗ ಅವ್ರೇ ಹೋಗಿ ಅಂತ್ರ್. ಬೆಳಿಗ್ಗೆ ಎದ್ದ್ ಎಲ್ಲಿಗ್ ಹೋಪುದ್ ಅಂದ್ಹೇಳಿ ಗೊತ್ತಾತಿಲ್ಲೆ.”

ಮಧ್ಯಾಹ್ನ ಮಕ್ಕಳ ಊಟವಾಗಿದೆ. ಪಾತ್ರೆ ಬೆಳಗಿಟ್ಟು, ಅಡುಗೆ ಕೋಣೆಗೆ ಬೀಗ ಹಾಕಿ ವನಜಕ್ಕ ಹೊಳೆಬದಿಯ ದಾರಿಯಲ್ಲಿ ಹೊರಡುತ್ತಾರೆ. ನಾನೂ ಜೊತೆಗೆ ನಡೆಯುತ್ತೇನೆ. ಮನೆಗೆ ಹೋಗುವ ತಿರುವು ಬಂದರೂ ಅವರು ತಿರುಗುವುದಿಲ್ಲ. ಸ್ವಲ್ಪ ಮುಂದೆ, ಕೊಪ್ಪಳದ ಕಡೆಯಿಂದ ಕಲ್ಲು ಕೋರೆಯ ಕೆಲಸಕ್ಕೆ ಬಂದ ಸಂಸಾರವೊಂದು ಹೊಸದಾಗಿ ಬಾಡಿಗೆಗೆ ಸೇರಿದ ಮನೆಯಿದೆ. ಅಂಗಳದಲ್ಲಿ ನಾಲ್ಕು ವರ್ಷದ ಹೆಣ್ಣುಮಗುವೊಂದು ತಾನೊಂದೇ ಆಡುತ್ತಿದೆ.

ವನಜಕ್ಕ ಬೇಲಿಯ ಹೊರಗೆ ನಿಂತು, “ಹ್ವಾಯ್, ಮನಿಯಂಗೆ ಯಾರಿದ್ರ್?” ಎಂದು ಕೂಗುತ್ತಾರೆ. ಒಳಗಿಂದ ಯಾರಾದರೂ ಬರುವುದನ್ನು ಕಾಯುತ್ತ ನನ್ನ ಕಡೆಗೆ ತಿರುಗಿ ಹೇಳುತ್ತಾರೆ:

“ಅಡ್ಗಿ ಮಾಡುದ್ ಅರ್ವತ್ತಕ್ಕೆ ಸಾಕ್ ಅಂದ್ರ್. ಮಕ್ಕಳ್ನ ಕೇಂಬುಕೆ ಹಂಗೆಂತ ವಯಸ್ಸ್ ಇಲ್ಯಲೆ?”